ಇಂಗ್ಲಿಷಿನ ಜಿ-ಎಚ್ ಪದಗಳು

ಇಂಗ್ಲಿಷ್ ಬರವಣಿಗೆಯಲ್ಲಿ ಜಿ ಮತ್ತು ಎಚ್ ಅಕ್ಷರಗಳು ಜೋಡಿಯಾಗಿ ನಿಲ್ಲುವ ಪದಗಳ ಸಮೂಹ. ನೈಟ್ (ರಾತ್ರಿ), ಡಾಟರ್ (ಮಗಳು), ಲಾಫ್ (ನಗು), ಘೋಸ್ಟ್ (ದೆವ್ವ) ಇವೆಲ್ಲ ಈ ಸಮೂಹಕ್ಕೆ ಸೇರಿದವು. ಮೊದಲ ಎರಡರಲ್ಲಿ ಈ ಜೋಡಿಗೆ ಉಚ್ಚಾರವೇ ಇಲ್ಲ, ಮೂರನೆಯದರಲ್ಲಿ ಅದು ಫಕಾರ, ನಾಲ್ಕನೆಯದರಲ್ಲಿ ಗಕಾರ. ಬರೆದಂತೆ ಓದುವ, ಓದಿದಂತೆ ಬರೆಯುವ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಾಗುಣಿತದಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ. ಕಾರಣ ಕೇಳಿದ ಮಗುವಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅದು ಹಾಗೇ, ಬಾಯಿಪಾಠ ಮಾಡು. ಆದರೆ ಕಾರಣ ಇದೆ, ಮತ್ತು ಅದು ಸೊಗಸಾದ ಕಾರಣ. ಇಂದು ಮೂಕವಾಗಿರುವ ಈ ಜೋಡಿ ಒಂದು ಕಾಲದಲ್ಲಿ ಇಂಗ್ಲೆಂಡಿನ ಎಲ್ಲರ ಬಾಯಲ್ಲೂ ಇದ್ದ ಒಂದು ಧ್ವನಿಯ ಗುರುತು.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ರಾತ್ರಿಗೆ ಎನ್-ಐ-ಎಚ್-ಟಿ ಎಂಬ ನಾಲ್ಕೇ ಅಕ್ಷರ. ಅಲ್ಲಿನ ಎಚ್ ಈಗಿನ ಮೆಲುವಾದ ಹಕಾರವಲ್ಲ. ಗಂಟಲಿನ ಹತ್ತಿರ ಗಾಳಿಯನ್ನು ಉಜ್ಜಿ ಬಿಡುವ, ಹಕಾರ ಮತ್ತು ಖಕಾರಗಳ ನಡುವಿನ ಧ್ವನಿ ಅದು. ಉರ್ದು ಬಲ್ಲವರು ಖುದಾ, ಖಬರ್ ಎನ್ನುವಾಗ ಕೇಳುವುದೂ ಸರಿಸುಮಾರು ಇದೇ. ಜರ್ಮನ್ ಭಾಷೆಯಲ್ಲಿ ಇದು ಇಂದಿಗೂ ಜೀವಂತವಾಗಿದೆ: ರಾತ್ರಿಗೆ ನಾಖ್ಟ್, ಎಂಟಕ್ಕೆ ಆಖ್ಟ್, ಮಗಳಿಗೆ ಟೋಖ್ಟರ್. ಸ್ಕಾಟ್ಲೆಂಡಿನ ಆಡುಮಾತಿನಲ್ಲೂ ನೈಟ್ ನಿಖ್ಟ್ ಆಗಿಯೇ ಉಳಿದಿದೆ. ಸರೋವರಕ್ಕೆ ಅಲ್ಲಿ ಲಾಖ್ ಎನ್ನುತ್ತಾರೆ. ಅದೇ ಪದವನ್ನು ಐರ್ಲೆಂಡಿನಲ್ಲಿ ಕೊನೆಗೆ ಜಿ-ಎಚ್ ಇಟ್ಟು ಬರೆಯುತ್ತಾರೆ, ಉಚ್ಚಾರ ಮಾತ್ರ ಒಂದೇ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬರವಣಿಗೆ ಕ್ರಮೇಣ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಗೆ ಹೋಯಿತು. ಅವರಿಗೆ ಎಚ್ ಒಂದು ದುರ್ಬಲ ಅಕ್ಷರ, ಇಂಥ ಗಡಸು ಧ್ವನಿಗೆ ಅದು ಸಾಲದು. ಆ ಕಾಲದ ಇಂಗ್ಲಿಷಿನಲ್ಲಿ ಯೋಖ್ ಎಂಬ, ಮೂರರ ಅಂಕಿಯನ್ನು ಹೋಲುವ ಪ್ರತ್ಯೇಕ ಅಕ್ಷರವೂ ಬಳಕೆಯಲ್ಲಿತ್ತು. ಕೆಲವರು ಅದನ್ನು ಬರೆದರು, ಕೆಲವರು ಜಿ ಮತ್ತು ಎಚ್ ಎರಡನ್ನೂ ಕೂಡಿಸಿ ಬರೆದರು. ಕೊನೆಗೆ ಗೆದ್ದದ್ದು ಜೋಡಿ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಯುರೋಪಿನಿಂದ ಬಂದ ಅಚ್ಚುಮೊಳೆಗಳಲ್ಲಿ ಯೋಖ್‌ಗೆ ಜಾಗ ಸಿಗಲಿಲ್ಲ, ಅದು ಮರೆಯಾಯಿತು. ಸ್ಕಾಟ್ಲೆಂಡಿನ ಮುದ್ರಕರು ಅದರ ಬದಲು ಆಕಾರದಲ್ಲಿ ಹತ್ತಿರವಿದ್ದ ಜ಼ೆಡ್ ಮೊಳೆಯನ್ನು ಬಳಸಿದರು. ಆದ್ದರಿಂದಲೇ ನಡುವೆ ಜ಼ೆಡ್ ಇಟ್ಟು ಮೆಂಜೀಸ್ ಎಂಬಂತೆ ಬರೆಯುವ ಸ್ಕಾಟಿಷ್ ಮನೆತನದ ಹೆಸರನ್ನು ಅಲ್ಲಿಯವರು ಮಿಂಗಿಸ್ ಎಂದು ಕರೆಯುತ್ತಾರೆ.

ಬಂಧುತ್ವದ ಪದಗಳು

ಈ ಪದಗಳ ಬೇರು ಹುಡುಕುತ್ತ ಹೋದರೆ ಕನ್ನಡಿಗರಿಗೆ ಪರಿಚಿತ ಮುಖಗಳೇ ಎದುರಾಗುತ್ತವೆ. ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷಿನೊಡನೆ ಅದಕ್ಕೆ ಹುಟ್ಟಿನ ನಂಟಿಲ್ಲ. ಆದರೆ ಸಂಸ್ಕೃತದಿಂದ ನಾವು ಪಡೆದ ಪದಗಳಿಗೆ ಆ ನಂಟು ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದ. ಮೂಲಭಾಷೆಯ ಕಕಾರ ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಹಕಾರದಂಥ ಧ್ವನಿಯಾದ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಆ ನಿಯಮದ ಬೆಳಕಿನಲ್ಲಿ ನೋಡಿದರೆ ನೈಟ್ ಪದದ ಒಡಹುಟ್ಟು ಸಂಸ್ಕೃತದ ನಕ್ತ. ರಾತ್ರಿ ಸಂಚರಿಸುವವನನ್ನು ನಕ್ತಂಚರ ಎನ್ನುವಲ್ಲಿ ಇರುವುದೇ ಅದು. ಎಂಟು ಎಂಬ ಅರ್ಥದ ಎಯ್ಟ್‌ಗೆ ಅಷ್ಟ ಮತ್ತು ಲ್ಯಾಟಿನ್ನಿನ ಆಕ್ಟೊ ಬಂಧುಗಳು. ರೋಮನ್ನರ ಎಂಟನೆಯ ತಿಂಗಳಾಗಿದ್ದ ಅಕ್ಟೋಬರ್ ಹೆಸರು ಬಂದದ್ದು ಅಲ್ಲಿಂದ. ಡಾಟರ್ ಮತ್ತು ದುಹಿತೃ ಒಂದೇ ಮನೆಯವರು. ಸರಿ, ನೇರ ಎಂಬ ಅರ್ಥದ ರೈಟ್‌ಗೂ ಋಜುವಿಗೂ ನಂಟು. ತೂಗು ಎಂಬ ಅರ್ಥದ ವೇ ಮೊದಲಿಗೆ ಹೊರು ಎಂಬ ಅರ್ಥದಲ್ಲಿತ್ತು. ಅದು ನಮ್ಮ ವಹಿಸು, ವಾಹನಗಳ ಬಳಗ.

ಲೈಟ್ ಎಂಬುದು ನಿಜವಾಗಿ ಎರಡು ಬೇರೆ ಪದ. ಬೆಳಕು ಎಂಬ ಲೈಟ್, ಹೊಳಪಿನ ಅರ್ಥದ ಸಂಸ್ಕೃತ ರುಚ್ ಧಾತುವಿನ ಬಂಧು. ಹಗುರ ಎಂಬ ಲೈಟ್ ನಮ್ಮ ಲಘುವಿನ ಬಂಧು. ಲಘುವಿನ ಘಕಾರವೂ ಈ ಲೈಟ್‌ನ ಜಿ-ಎಚ್ ಜೋಡಿಯೂ ಒಂದೇ ಪ್ರಾಚೀನ ಧ್ವನಿಯಿಂದ ಹುಟ್ಟಿದವು. ನಾದಿದ ಹಿಟ್ಟನ್ನು ಹೇಳುವ ಡೋ ಪದವನ್ನು ತೆಗೆದುಕೊಳ್ಳಿ. ಡಿ-ಒ-ಯು-ಜಿ-ಎಚ್ ಎಂದು ಬರೆಯುವ ಇದರ ಮೂಲಾರ್ಥ ಮೆತ್ತು, ಮಿದ್ದಿ ರೂಪಿಸು. ಅದೇ ಅರ್ಥದ ದಿಹ್ ಧಾತುವಿನಿಂದ ಸಂಸ್ಕೃತಕ್ಕೆ ಬಂದದ್ದು ದೇಹ. ಇಷ್ಟು ತಿಳಿದ ಮೇಲೂ ಈ ಅಕ್ಷರಗಳನ್ನು ನಿರರ್ಥಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನೈಟ್ ಬಳಗ

ಈ ಜೋಡಿಯ ಹಿಂದೆ ಐ, ಮುಂದೆ ಟಿ ಇರುವ ಪದಗಳೇ ಸಂಖ್ಯೆಯಲ್ಲಿ ಹೆಚ್ಚು, ಕಲಿಯಲು ಸುಲಭವೂ ಹೌದು. ಬ್ರೈಟ್ (ಪ್ರಕಾಶಮಾನ), ಸೈಟ್ (ನೋಟ), ಮೈಟ್ (ಬಲ), ಫೈಟ್ (ಹೋರಾಟ), ಫ್ಲೈಟ್ (ಹಾರಾಟ, ಪಲಾಯನ), ಫ್ರೈಟ್ (ಹೆದರಿಕೆ), ಸ್ಲೈಟ್ (ಅಲ್ಪ), ಟೈಟ್ (ಬಿಗಿ) ಎಲ್ಲರಿಗೂ ಗೊತ್ತು. ಬೈಟ್ ಎಂದರೆ ಕರಾವಳಿಯ ವಿಶಾಲ ಬಾಗು. ಆಸ್ಟ್ರೇಲಿಯಾದ ದಕ್ಷಿಣದ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಹೆಸರಿನಲ್ಲಿರುವುದು ಇದೇ. ಬ್ಲೈಟ್ ಎಂದರೆ ಬೆಳೆಗೆ ತಗಲುವ ಅಂಗಮಾರಿ ರೋಗ, ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಇದರ ಪರಿಚಯ ಬೇಡವೆಂದರೂ ಇದೆ. ನೈ ಎಂದರೆ ಹತ್ತಿರ. ಈ ನೈ ಜೊತೆಗೆ ನೆಲೆಸಿದವನು ಎಂಬ ಪದ ಸೇರಿ ಆದದ್ದು ನೇಬರ್, ಅಂದರೆ ನೆರೆಯವನು.

ನೈಟ್ ಎಂದೇ ಉಚ್ಚರಿಸುವ, ಕೆ ಅಕ್ಷರದಿಂದ ಶುರುವಾಗುವ ಇನ್ನೊಂದು ಪದ ಅಶ್ವಾರೋಹಿ ವೀರನನ್ನು ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಒಂದು ಅಕ್ಷರವೂ ಮೂಕವಾಗಿರಲಿಲ್ಲ, ಕ್ನಿಖ್ಟ್ ಎಂದೇ ಉಚ್ಚಾರ. ಆಗ ಅದರ ಅರ್ಥ ಹುಡುಗ, ಆಳು. ದೊರೆಯ ಆಳು ಕ್ರಮೇಣ ದೊರೆಯ ಯೋಧನಾದ, ಯೋಧ ಬಿರುದಾಂಕಿತನಾದ. ಜರ್ಮನ್ನಿನ ಕ್ನೆಖ್ಟ್ ಮಾತ್ರ ಇವತ್ತಿಗೂ ಆಳಾಗಿಯೇ ಉಳಿದಿದ್ದಾನೆ.

ಡಬ್ಲ್ಯುನಿಂದ ಶುರುವಾಗಿ ಜಿ-ಎಚ್-ಟಿಯಲ್ಲಿ ಮುಗಿಯುವ ರೈಟ್ ಎಂದರೆ ಮಾಡುವವನು, ಕಟ್ಟುವವನು. ಶಿಪ್‌ರೈಟ್ ಹಡಗು ಕಟ್ಟುವವನು, ವೀಲ್‌ರೈಟ್ ಗಾಲಿ ಮಾಡುವವನು, ಪ್ಲೇರೈಟ್ ನಾಟಕಕಾರ. ನಾಟಕಕಾರನನ್ನು ಬರೆಯುವವನು ಎಂಬ ಅರ್ಥದ ರೈಟ್ ಕಾಗುಣಿತದಲ್ಲಿ ಬರೆಯುವುದು ನಮ್ಮ ಪತ್ರಿಕೆ, ಆಹ್ವಾನಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು. ಇಂಗ್ಲಿಷಿನ ಕಲ್ಪನೆಯಲ್ಲಿ ನಾಟಕವನ್ನು ಬಡಗಿ ಬಂಡಿಯನ್ನು ಕಟ್ಟುವಂತೆ ಕಟ್ಟುತ್ತಾರೆ. ವಿಮಾನದ ರೈಟ್ ಸೋದರರ ಮನೆತನದ ಹೆಸರೂ ಇದೇ ಪದ.

ಭೂತಕಾಲದ ರೂಪಗಳು

ಥಿಂಕ್ (ಯೋಚಿಸು) ಥಾಟ್ ಆಗುತ್ತದೆ, ಬ್ರಿಂಗ್ (ತರು) ಬ್ರಾಟ್, ಬೈ (ಕೊಳ್ಳು) ಬಾಟ್, ಸೀಕ್ (ಅರಸು) ಸಾಟ್, ಟೀಚ್ (ಕಲಿಸು) ಟಾಟ್. ವ್ಯಾಕರಣದ ಪುಸ್ತಕಗಳು ಇವನ್ನು ಅನಿಯತ ಕ್ರಿಯಾಪದಗಳೆಂದು ಪಟ್ಟಿ ಮಾಡಿ ಕೈತೊಳೆದುಕೊಳ್ಳುತ್ತವೆ. ಆದರೆ ಇವುಗಳ ಹಿಂದೆ ಗಟ್ಟಿಯಾದ ನಿಯಮವೇ ಇತ್ತು. ಈ ಧಾತುಗಳ ಕೊನೆಯಲ್ಲಿ ಕಕಾರವೋ ಗಕಾರವೋ ಇತ್ತು. ಭೂತಕಾಲದ ಟಕಾರ ಬಂದು ತಗಲಿದಾಗ ಅದು ಉಜ್ಜುವ ಧ್ವನಿಯಾಗಿ ಸಡಿಲಿತು. ಆ ಸಂಧಿಕಾರ್ಯದ ಉಳಿಕೆಯೇ ಜಿ-ಎಚ್. ವರ್ಕ್ (ಕೆಲಸ ಮಾಡು) ಧಾತುವಿನ ಹಳೆಯ ಭೂತರೂಪ ರಾಟ್. ರಾಟ್ ಐರನ್ ಎಂದರೆ ಬಡಿದು ಹದಮಾಡಿದ ಕಬ್ಬಿಣ. ಕರ್ತವ್ಯ ಸೂಚಿಸುವ ಆಟ್ ಕೂಡ ಮೊದಲಿಗೆ ಭೂತರೂಪವೇ, ಋಣಿಯಾಗಿರು ಎಂಬ ಅರ್ಥದ ಓ ಧಾತುವಿನದು. ನೆಟ್ಟಗೆ ಎಂಬ ಅರ್ಥದ ಸ್ಟ್ರೇಟ್, ಹಿಗ್ಗಿಸು ಎಂಬ ಅರ್ಥದ ಸ್ಟ್ರೆಚ್‌ನ ಕೃದಂತ. ಎಳೆದು ಚಾಚಿದ್ದೆಲ್ಲ ನೇರವಾಗಿರಲೇಬೇಕಲ್ಲ.

ನಾಟ್ ಎಂದರೆ ಶೂನ್ಯ. ಇದರಿಂದ ಹುಟ್ಟಿದ ನಾಟಿ ಪದಕ್ಕೆ ಮೊದಲು ಏನೂ ಇಲ್ಲದವನು, ಬಡವ ಎಂಬ ಅರ್ಥ. ಆಮೇಲೆ ದುಷ್ಟ ಎಂದಾಗಿ, ಈಗ ತುಂಟ ಮಗುವಿನ ವಿಶೇಷಣವಾಗಿ ನಿಂತಿದೆ. ನಿಷೇಧಾರ್ಥದ ನಾಟ್ ಇದೇ ಶೂನ್ಯವಾಚಿಯ ಸವೆದ ರೂಪ. ಆದರೆ ಅದು ಸವೆಯುವಾಗ ಜಿ-ಎಚ್ ಕಳಚಿಹೋಯಿತು.

ಧ್ವನಿ ಹೋದ ಬಗೆ

ಲಂಡನ್ ಸುತ್ತಿನ ಮಾತಿನಲ್ಲಿ ಈ ಧ್ವನಿ ಹದಿನೈದನೆಯ ಶತಮಾನದಿಂದ ಕುಗ್ಗುತ್ತ ಬಂದು ಹದಿನೇಳನೆಯ ಶತಮಾನದ ಹೊತ್ತಿಗೆ ಅಳಿದುಹೋಯಿತು. ಹೋಗುವಾಗ ಅದು ತನ್ನ ಹಿಂದಿನ ಸ್ವರವನ್ನು ದೀರ್ಘ ಮಾಡಿತು. ನಿಖ್ಟ್ ನೀಟ್ ಆಯಿತು. ಅದೇ ಸುಮಾರಿಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದವು, ಈಕಾರವಿದ್ದದ್ದು ಐಕಾರವಾಯಿತು, ನೀಟ್ ನೈಟ್ ಆಯಿತು. ಆದ್ದರಿಂದ ಮೂಕ ಜಿ-ಎಚ್ ಇಂದಿಗೂ ಒಂದು ಕೆಲಸ ಮಾಡುತ್ತಿದೆ. ಹಿಂದಿನ ಐ ಅಕ್ಷರವನ್ನು ಇಕಾರವಾಗಿ ಅಲ್ಲ, ಐಕಾರವಾಗಿ ಓದು ಎಂದು ಅದು ಹೇಳುತ್ತದೆ. ಎಸ್-ಐ-ಟಿ ಸಿಟ್, ನಡುವೆ ಜಿ-ಎಚ್ ಬಂದರೆ ಸೈಟ್. ಎಫ್-ಐ-ಟಿ ಫಿಟ್, ಜಿ-ಎಚ್ ಬಂದರೆ ಫೈಟ್.

ಕೆಲವು ಪದಗಳಲ್ಲಿ ಧ್ವನಿ ಅಳಿಯಲಿಲ್ಲ, ತುಟಿಗೆ ಜಾರಿ ಫಕಾರವಾಯಿತು. ಹಿಂದಿನ ಸ್ವರಕ್ಕೆ ತುಟಿ ದುಂಡಗಾಗುತ್ತಿದ್ದದ್ದೇ ಇದಕ್ಕೆ ಕಾರಣ, ಗಂಟಲ ಉಜ್ಜು ತುಟಿಯ ಉಜ್ಜಾಯಿತು. ಒರಟು ಎಂಬ ರಫ್, ಗಟ್ಟಿ ಎಂಬ ಟಫ್, ಸಾಕು ಎಂಬ ಇನಫ್, ಕೆಮ್ಮು ಎಂಬ ಕಾಫ್, ದನದ ದೋಣಿತೊಟ್ಟಿ ಎಂಬ ಟ್ರಾಫ್ ಹೀಗಾದವು. ಹಾವು ಬಿಟ್ಟ ಪೊರೆಗೆ ಸ್ಲಫ್, ಕೆಂಪು ಕಾಲಿನ ಕಾಗೆಯ ಜಾತಿಯ ಹಕ್ಕಿಗೆ ಚಫ್ ಎನ್ನುತ್ತಾರೆ. ಯಾವ ಪದ ಮೂಕವಾಗಬೇಕು, ಯಾವುದು ಫಕಾರವಾಗಬೇಕು ಎಂಬುದನ್ನು ಒಂದೇ ನಿಯಮ ತೀರ್ಮಾನಿಸಲಿಲ್ಲ. ಬೇರೆ ಬೇರೆ ಸೀಮೆಗಳ ಉಚ್ಚಾರಗಳು ಲಂಡನ್ನಿನಲ್ಲಿ ಬೆರೆತು, ಒಂದು ಪದಕ್ಕೆ ಒಂದು ಸೀಮೆಯದು, ಇನ್ನೊಂದಕ್ಕೆ ಇನ್ನೊಂದು ಸೀಮೆಯದು ಗಟ್ಟಿಯಾಯಿತು. ಶೇಕ್ಸ್‌ಪಿಯರನ ಕಿಂಗ್ ಲಿಯರ್ ನಾಟಕದ ವಿದೂಷಕ ಡಾಟರ್ ಪದಕ್ಕೆ ಆಫ್ಟರ್ ಪದವನ್ನು ಪ್ರಾಸವಾಗಿ ತರುತ್ತಾನೆ. ನಾದಿದ ಹಿಟ್ಟಿನ ಡೋ ಪದಕ್ಕೆ ಉತ್ತರ ಇಂಗ್ಲೆಂಡಿನಲ್ಲಿ ಡಫ್ ಎಂಬ ರೂಪವಿತ್ತು, ಅದು ಒಂದು ಬಗೆಯ ಕಡುಬಿನ ಹೆಸರಾಗಿ ಉಳಿದಿದೆ. ಕುಬ್ಜ ಎಂಬ ಡ್ವಾರ್ಫ್ ಪದವೂ ಇದೇ ದಾರಿಯಲ್ಲಿ ಬಂದದ್ದು, ಅದರಲ್ಲಿ ಕಾಗುಣಿತವೂ ಎಫ್‌ಗೆ ತಿರುಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಡ್ರಾಟ್ ಎಂದು ಓದಬೇಕೆನಿಸುವ ಡ್ರಾಫ್ಟ್ (ಗಾಳಿಯ ಸುಳಿ, ಗುಟುಕು) ಪದಕ್ಕೆ ಎಫ್ ಇಟ್ಟು ಬರೆಯುವ ಎರಡನೆಯ ಕಾಗುಣಿತವೂ ಹುಟ್ಟಿತು. ಕರಡು ಪ್ರತಿಗೆ, ಬ್ಯಾಂಕಿನ ಡ್ರಾಫ್ಟಿಗೆ ನಾವು ಬಳಸುವುದು ಅದನ್ನು.

ಒ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳ ಪಾಡು ಇದರ ಪರಾಕಾಷ್ಠೆ. ದೋ (ಆದರೂ), ಥ್ರೂ (ಮೂಲಕ), ಬೌ (ಕೊಂಬೆ), ಕಾಫ್, ಟಫ್, ಥಾಟ್, ಥರ (ಕೂಲಂಕಷ), ಹಿಕಪ್ (ಬಿಕ್ಕಳಿಕೆ) ಎಲ್ಲದರಲ್ಲೂ ಅಕ್ಷರ ಅವೇ, ಉಚ್ಚಾರ ಎಂಟು ಬಗೆ. ಇವುಗಳಲ್ಲಿ ಥ್ರೂ ಮತ್ತು ಥರ ಮೊದಲಿಗೆ ಒಂದೇ ಪದ. ಹಿಕಪ್‌ಗೆ ಪಿ ಇಟ್ಟು ಬರೆಯುವುದೇ ಹಳೆಯ ಕ್ರಮ. ಬಿಕ್ಕಳಿಕೆಯೂ ಒಂದು ಬಗೆಯ ಕೆಮ್ಮು ಎಂದು ತಿಳಿದವರು ಕಾಫ್ ಕಾಗುಣಿತವನ್ನು ಅದಕ್ಕೆ ಅಂಟಿಸಿದರು. ಇಂಗ್ಲೆಂಡಿನ ಸ್ಲೌ ಪಟ್ಟಣದ ಹೆಸರು ಕೆಸರಿನ ಹೊಂಡ ಎಂಬ ಅರ್ಥದ ಪದ, ಹಾವಿನ ಪೊರೆಯ ಸ್ಲಫ್ ಕಾಗುಣಿತವೂ ಅದರದೇ.

ಹುಸಿ ಜಿ-ಎಚ್

ಎಂದೂ ಆ ಧ್ವನಿ ಇಲ್ಲದಿದ್ದ ಪದಗಳಿಗೂ ಸಾದೃಶ್ಯದಿಂದ ಈ ಜೋಡಿ ಬಂದು ಸೇರಿದ್ದುಂಟು. ಆನಂದ ಎಂಬ ಡಿಲೈಟ್ ಫ್ರೆಂಚ್ ಮೂಲದ್ದು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಅದನ್ನು ಜಿ-ಎಚ್ ಇಲ್ಲದೆಯೇ ಬರೆಯುತ್ತಿದ್ದ. ಲೈಟ್ ಪದದ ನೆರಳು ಬಿದ್ದು ಹದಿನಾರನೆಯ ಶತಮಾನದಲ್ಲಿ ಅದಕ್ಕೂ ಜಿ-ಎಚ್ ಬಂತು. ಅಹಂಕಾರಿ ಎಂಬ ಹಾಟಿ, ಎತ್ತರ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಚುರುಕಾದ ಎಂಬ ಸ್ಪ್ರೈಟ್ಲಿಯ ಮೂಲ ಆತ್ಮವನ್ನು ಹೇಳುವ ಸ್ಪಿರಿಟ್. ದಿಕ್ಕೆಟ್ಟ ಎಂಬ ಡಿಸ್ಟ್ರಾಟ್, ಲ್ಯಾಟಿನ್ ಮೂಲದ ಡಿಸ್ಟ್ರಾಕ್ಟ್‌ನ ಮಾರ್ಪಾಟು. ಕ್ಯಾಚ್ (ಹಿಡಿ) ಸಹ ಫ್ರೆಂಚಿನದೇ. ಟೀಚ್‌ಗೆ ಟಾಟ್ ಇರುವಂತೆ ಇಂಗ್ಲಿಷರು ಅದಕ್ಕೂ ಕಾಟ್ ಎಂಬ ಭೂತರೂಪ ಕಟ್ಟಿಕೊಂಡರು. ರಜೆ ಎಂಬ ಫರ್ಲೋ ಡಚ್ಚರ ಸೈನ್ಯದ ಮಾತು.

ಪದಾದಿಯ ಜಿ-ಎಚ್ ಕಥೆ ಬೇರೆಯದೇ. ಘೋಸ್ಟ್ ಹಳೆಯ ಇಂಗ್ಲಿಷಿನಲ್ಲಿ ಎಚ್ ಇಲ್ಲದ ಪದ. ಕ್ಯಾಕ್ಸ್‌ಟನ್ ಅಚ್ಚಿನ ಕೆಲಸ ಕಲಿತು ನಡೆಸಿದ್ದು ಕಲೋನ್, ಬ್ರೂಜ್ ಊರುಗಳಲ್ಲಿ. ಫ್ಲೆಮಿಷ್ ಪದ್ಧತಿಯ ಎಚ್ ಅವನ ಮುದ್ರಣಾಲಯದ ಮೂಲಕ ಗೂಸ್ (ಹೆಬ್ಬಾತು), ಗೋಟ್ (ಆಡು) ಮುಂತಾದ ಪದಗಳಿಗೂ ಹತ್ತಿತು. ಉಳಿದವುಗಳಲ್ಲಿ ಅದು ಬಿದ್ದುಹೋಯಿತು, ಘೋಸ್ಟ್‌ನಲ್ಲಿ ನಿಂತಿತು, ಅದನ್ನು ನೋಡಿ ಭೀಕರ ಎಂಬ ಗ್ಯಾಸ್ಟ್ಲಿಯೂ ದಿಗ್ಭ್ರಾಂತ ಎಂಬ ಅಗ್ಯಾಸ್ಟ್ ಕೂಡ ಎಚ್ ಪಡೆದವು. ಕನ್ನಡದಲ್ಲಿ ನಾವು ಘೋಸ್ಟ್ ಎಂದು ಮಹಾಪ್ರಾಣ ಹಾಕಿ ಬರೆಯುವುದು ಕಾಗುಣಿತ ನೋಡಿ. ಇಂಗ್ಲಿಷರ ಬಾಯಲ್ಲಿ ಅದು ಬರೀ ಗೋಸ್ಟ್.

ಎರವಲು ಪದಗಳಲ್ಲಿ ಈ ಜೋಡಿ ಒಂದೊಂದು ಭಾಷೆಯ ಒಂದೊಂದು ಧ್ವನಿಗೆ ನಿಂತಿದೆ. ಇಟಲಿಯವರಿಗೆ ಇ, ಐ ಅಕ್ಷರಗಳ ಮೊದಲು ಬರುವ ಜಿ ಜಕಾರವಾಗದಂತೆ ಕಾಯಲು ಎಚ್ ಬೇಕು. ಸ್ಪಾಗೆಟಿಯಲ್ಲೂ, 1516ರಲ್ಲಿ ವೆನಿಸ್ ನಗರ ಯೆಹೂದ್ಯರನ್ನು ಕೂಡಿಹಾಕಿದ ಕೇರಿಯ ಹೆಸರಾದ ಗೆಟ್ಟೊದಲ್ಲೂ ಇರುವುದು ಆ ಎಚ್. ನಮ್ಮ ಜೋಳದ ಸಸ್ಯಶಾಸ್ತ್ರೀಯ ಹೆಸರು ಸೋರ್ಗಮ್ ಕೂಡ ಇಟಲಿಯ ಪದದಿಂದ ಬಂದು ಎಚ್ ಸೇರಿಸಿಕೊಂಡದ್ದು. ಅರಬ್ಬಿಯಿಂದ ಗಜಲ್, ಹೆಣ ತಿನ್ನುವ ಭೂತ ಎಂಬ ಗೂಲ್ ಬಂದವು. ಭಾರತದಿಂದ ಹೋದವುಗಳಲ್ಲಿ ಮಾತ್ರ ಈ ಜೋಡಿ ನಿಜವಾದ ಘಕಾರ. ತುಪ್ಪಕ್ಕೆ ಘೀ, ಮೊಸಳೆಯ ಜಾತಿಗೆ ಘರಿಯಲ್, ಮುತ್ತಿಗೆಗೆ ಘೇರಾವ್, ನದಿಯ ಮೆಟ್ಟಿಲಿಗೂ ಬೆಟ್ಟಸಾಲಿಗೂ ಘಾಟ್. ನಮ್ಮ ಪಶ್ಚಿಮ ಘಟ್ಟ ಇಂಗ್ಲಿಷ್ ನಕಾಶೆ ಸೇರಿದ್ದು ಹೀಗೆ. ಇನ್ನು ಫಾಗ್‌ಹಾರ್ನ್ (ಮಂಜಿನ ಕಹಳೆ) ಪದದಲ್ಲಿ ಜಿ ಒಂದು ಭಾಗಕ್ಕೆ, ಎಚ್ ಇನ್ನೊಂದಕ್ಕೆ ಸೇರಿದ್ದು, ಅದು ಜೋಡಿಯೇ ಅಲ್ಲ.

ಕನ್ನಡವೂ ಧ್ವನಿಗಳನ್ನು ಕಳೆದುಕೊಂಡಿದೆ. ಹಳಗನ್ನಡದ ೞ ಅಳಿದಾಗ ಏೞು ಏಳು ಆಯಿತು, ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಎಣಿಸಿ ಹೇಳಿದ್ದು ಆಗಲೇ ಗೊಂದಲ ಶುರುವಾಗಿದ್ದರಿಂದ. ನಮ್ಮಲ್ಲಿ ಬರವಣಿಗೆ ಬಾಯಿಯ ಹಿಂದೆ ನಡೆಯಿತು. ಧ್ವನಿ ಹೋದ ಮೇಲೆ ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷಿನಲ್ಲಿ ಧ್ವನಿ ಹೋಗುತ್ತಿದ್ದ ಹೊತ್ತಿಗೇ ಮುದ್ರಣ ಬಂದು ಕಾಗುಣಿತವನ್ನು ಗಟ್ಟಿ ಮಾಡಿಬಿಟ್ಟಿತು. ನಮ್ಮದು ಕಲಿಯಲು ಸುಲಭ, ಅವರದು ಹಳೆಯದನ್ನು ಕಣ್ಣೆದುರೇ ಉಳಿಸಿಕೊಂಡದ್ದು.

ತಿದ್ದುವ ಯತ್ನಗಳು ಇಲ್ಲದಿಲ್ಲ. ಅಮೆರಿಕದಲ್ಲಿ ನೇಗಿಲಿನ ಪ್ಲೌ ಜಿ-ಎಚ್ ಬಿಟ್ಟು ಡಬ್ಲ್ಯು ಹಿಡಿಯಿತು. ಆಂಡ್ರ್ಯೂ ಕಾರ್ನೆಗಿಯ ಹಣದ ಬೆಂಬಲದಿಂದ 1906ರಲ್ಲಿ ಹುಟ್ಟಿದ ಸರಳ ಕಾಗುಣಿತ ಮಂಡಳಿ 300 ಪದಗಳ ಪಟ್ಟಿ ಹೊರಡಿಸಿತು. ಅದರಲ್ಲಿ ದೋ, ಥ್ರೂ, ಥರ ಜಿ-ಎಚ್ ಕಳೆದುಕೊಂಡಿದ್ದವು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯ ಅದನ್ನೇ ಅನುಸರಿಸಬೇಕೆಂದು ಅಪ್ಪಣೆ ಮಾಡಿದರು. ಪತ್ರಿಕೆಗಳು ಗೇಲಿ ಮಾಡಿದವು, ಕಾಂಗ್ರೆಸ್ ಪ್ರತಿಭಟಿಸಿತು, ಅದೇ ವರ್ಷ ಅಪ್ಪಣೆ ಹಿಂದಕ್ಕೆ ಹೋಯಿತು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ಇಂಥ ಕೆಲವು ರೂಪಗಳನ್ನು ಬಳಸಿ 1975ರಲ್ಲಿ ಕೈಬಿಟ್ಟಿತು. ಪಿಟ್ಸ್‌ಬರ್ಗ್ ನಗರದ ಹೆಸರಿನ ಎಚ್ ಅನ್ನು ಸರ್ಕಾರಿ ಮಂಡಳಿ 1891ರಲ್ಲಿ ತೆಗೆದುಹಾಕಿತ್ತು. ಊರಿನವರು ಬಿಡಲಿಲ್ಲ, 1911ರಲ್ಲಿ ಅದು ಮರಳಿ ಬಂತು. ಮೀನನ್ನು ಹೇಳುವ ಫಿಶ್ ಪದವನ್ನು ಇನಫ್‌ನ ಜಿ-ಎಚ್‌ನಿಂದ ಶುರುಮಾಡಿ ಘೋಟಿ ಎಂದು ಬರೆಯಬಹುದೆಂಬ ಚಮತ್ಕಾರ ಬರ್ನಾರ್ಡ್ ಶಾ ಹೆಸರಿನಲ್ಲಿ ಓಡಾಡುತ್ತದೆ. ಅದು ಶಾ ಹುಟ್ಟುವುದಕ್ಕೆ ಮುಂಚೆಯೇ, 1855ರ ಒಂದು ಪತ್ರದಲ್ಲಿ ಕಾಣಸಿಗುತ್ತದೆ. ವಾದವೂ ನಿಲ್ಲುವುದಿಲ್ಲ. ಪದದ ಮೊದಲಲ್ಲಿ ಜಿ-ಎಚ್ ಎಂದೂ ಫಕಾರವಾಗುವುದಿಲ್ಲ.

ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರು ಈ ಪದಗಳನ್ನು ಚದುರಿಸದೆ ಬಳಗ ಬಳಗವಾಗಿ ಕೊಡಬೇಕು. ಮೊದಲು ನೈಟ್ ಬಳಗ, ಸಿಟ್ ಮತ್ತು ಸೈಟ್‌ಗಳ ವ್ಯತ್ಯಾಸದೊಂದಿಗೆ. ಆಮೇಲೆ ಎಯ್ಟ್, ವೇಟ್ (ತೂಕ), ನೇಬರ್. ನಂತರ ಥಾಟ್, ಬ್ರಾಟ್‌ಗಳ ಭೂತರೂಪಗಳು. ಬಾಯಿಪಾಠಕ್ಕೆ ಉಳಿಯುವುದು ಫಕಾರದ ಪದಗಳು ಮಾತ್ರ, ನಿತ್ಯ ಬಳಕೆಯಲ್ಲಿ ಅವು ಏಳೇ: ಲಾಫ್, ಕಾಫ್, ರಫ್, ಟಫ್, ಇನಫ್, ಟ್ರಾಫ್, ಡ್ರಾಫ್ಟ್.